ನಿಮ್ಮ ಪ್ರಶ್ನೆ, ಡಾಕ್ಟರ ಉತ್ತರ: ಸ್ಟೆಮ್ ಸೆಲ್ ಕಸಿಗೆ ಒಪ್ಪಬೇಕೇ, ಬೇಡವೇ?

ಆಟೋಇಮ್ಯೂನ್ ಕಾಯಿಲೆಗೆ, ಅಂದರೆ ದೇಹದ ರಕ್ಷಣಾ ಕಣಗಳೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆಗೆ, ಸ್ಟೆಮ್ ಸೆಲ್ ಕಸಿ ಮಾಡಿಸಬಹುದೇ ಎಂದು ಕೇಳಿ ಈ ಸಲ ತುಂಬಾ ಪತ್ರಗಳು ಬಂದಿವೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಇಲ್ಲಿ ಸ್ಟೆಮ್ ಸೆಲ್ ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ. ನಾನು ಕೆಲಸ ಮಾಡುವುದು ಕಸಿ ವಾರ್ಡಿನಲ್ಲಿ. ನಮ್ಮಲ್ಲಿಗೆ ಬರುವವರಲ್ಲಿ ರಕ್ತದ ಕ್ಯಾನ್ಸರ್ ಇರುವವರೇ ಜಾಸ್ತಿ. ಅವರ ನಡುವೆ ಚರ್ಮ, ಒಳಗಿನ ಅಂಗಗಳು ಗಟ್ಟಿಯಾಗುವ ಸ್ಕ್ಲೀರೋಡರ್ಮಾ (ಸಿಸ್ಟಮಿಕ್ ಸ್ಕ್ಲೀರೋಸಿಸ್), ಮೆದುಳು ಮತ್ತು ಬೆನ್ನುಹುರಿಯ ನರಗಳಿಗೆ ತಗುಲುವ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್) ಇರುವವರೂ ಈಗ ಬರುತ್ತಾರೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮಕ್ಕನಿಗೆ 38 ವರ್ಷ. ಎರಡು ವರ್ಷದ ಹಿಂದೆ ಸಿಸ್ಟಮಿಕ್ ಸ್ಕ್ಲೀರೋಸಿಸ್ ಅಂತ ಗೊತ್ತಾಯಿತು. ಮೊದಲು ಬೆರಳುಗಳ ಚರ್ಮ ಬಿಗಿಯಾಯಿತು. ಈಗ ತೋಳು, ಎದೆ, ಮುಖದವರೆಗೂ ಬಂದಿದೆ. ಬಾಯಿ ಪೂರ್ತಿ ತೆರೆಯುವುದಕ್ಕೆ ಆಗುವುದಿಲ್ಲ. ಶ್ವಾಸಕೋಶಕ್ಕೂ ತಗುಲಿದೆ ಅಂತ ಸ್ಕ್ಯಾನಿನಲ್ಲಿ ಕಂಡಿದೆ. ಒಂದು ವರ್ಷದಿಂದ ಮೈಕೋಫೆನೊಲೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಕಾಯಿಲೆ ನಿಂತಿಲ್ಲ. ಡಾಕ್ಟರು ಸ್ಟೆಮ್ ಸೆಲ್ ಕಸಿ ಮಾಡಿಸಿ ಅಂತಾರೆ. ಆದರೆ ಹತ್ತರಲ್ಲಿ ಒಬ್ಬರು ಚಿಕಿತ್ಸೆಯಲ್ಲೇ ತೀರಿಕೊಳ್ಳುತ್ತಾರೆ ಅಂತ ಓದಿದೆ. ‘ಓಡಾಡಿಕೊಂಡಿರುವ ಮಗಳನ್ನು ಕೈಯಾರೆ ಕಳಿಸಿಕೊಡಲ್ಲ’ ಅಂತ ಅಮ್ಮ ಅಳುತ್ತಾರೆ. ಅಕ್ಕ ನನ್ನ ಮುಖ ನೋಡುತ್ತಾಳೆ. ಏನು ಹೇಳಲಿ?

ಉತ್ತರ: ನಿಮ್ಮ ಅಮ್ಮನ ಹೆದರಿಕೆ ಸುಮ್ನೆ ಬಂದದ್ದಲ್ಲ. ಅವರನ್ನು ಸಮಾಧಾನ ಮಾಡಿ ಒಪ್ಪಿಸುವುದು ಈ ಉತ್ತರದ ಉದ್ದೇಶವೂ ಅಲ್ಲ. ನೀವು ಮೂವರೂ ಒಟ್ಟಿಗೆ ಕೂತು ಓದಲಿ ಎಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಈ ಚಿಕಿತ್ಸೆ ಏನು ಅನ್ನುವುದು. ಹೆಸರು ಸ್ಟೆಮ್ ಸೆಲ್ ಕಸಿ ಎಂದಿದ್ದರೂ ಕಾಯಿಲೆಯ ಮೇಲೆ ಕೆಲಸ ಮಾಡುವುದು ಸ್ಟೆಮ್ ಸೆಲ್ ಅಲ್ಲ, ಕೀಮೋ. ನಿಮ್ಮ ಅಕ್ಕನ ದೇಹದಲ್ಲಿ ಕೆಲವು ಬಿಳಿ ರಕ್ತಕಣಗಳು ದಾರಿ ತಪ್ಪಿ ಸ್ವಂತ ದೇಹದ ಮೇಲೇ ತಿರುಗಿ ಬಿದ್ದಿವೆ. ಭಾರಿ ಪ್ರಮಾಣದ ಕೀಮೋ ಕೊಟ್ಟು, ಜೊತೆಗೆ ಎಟಿಜಿ ಎಂಬ ಔಷಧಿ ಕೊಟ್ಟು, ಆ ಕಣಗಳನ್ನು ಆದಷ್ಟು ಅಳಿಸಿಹಾಕುತ್ತೇವೆ. ಅಷ್ಟು ಕೀಮೋ ಕೊಟ್ಟರೆ ರಕ್ತ ಹುಟ್ಟುವ ಮೂಳೆ ಮಜ್ಜೆಯೂ ಸೋತುಹೋಗುತ್ತದೆ. ತಾನಾಗಿ ಚೇತರಿಸಿಕೊಳ್ಳುವುದಕ್ಕೆ ತುಂಬಾ ದಿನ ಬೇಕು. ಕೆಲವು ಬಗೆಯ ಕೀಮೋದಲ್ಲಿ ಚೇತರಿಸಿಕೊಳ್ಳುವುದೇ ಇಲ್ಲ. ಅದಕ್ಕೇ ಕೀಮೋಗೆ ಮೊದಲೇ ಅಕ್ಕನ ಸ್ವಂತ ಸ್ಟೆಮ್ ಸೆಲ್‌ಗಳನ್ನು ರಕ್ತದಿಂದ ತೆಗೆದು ಫ್ರೀಜ್ ಮಾಡಿ ಇಟ್ಟುಕೊಂಡು, ಕೀಮೋ ಮುಗಿದ ಮೇಲೆ ವಾಪಸ್ ಕೊಡುತ್ತೇವೆ. ಅವು ಮೂಳೆಯೊಳಗೆ ಹೋಗಿ ನೆಲೆಸಿ ಹೊಸ ರಕ್ತ ಮಾಡುತ್ತವೆ. ಗಟ್ಟಿಯಾದ ಚರ್ಮವನ್ನೋ ಕಲೆಗಟ್ಟಿದ ಶ್ವಾಸಕೋಶವನ್ನೋ ಹೊಸದಾಗಿ ಕಟ್ಟುವ ಕೆಲಸ ಅವುಗಳದ್ದಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಚಿಕಿತ್ಸೆ ನಡೆಯುತ್ತಿರುವ ದಾಳಿಯನ್ನು ನಿಲ್ಲಿಸುತ್ತದೆ. ದಾಳಿಯಲ್ಲಿ ಈಗಾಗಲೇ ಹಾಳಾದದ್ದನ್ನು ದೇಹ ತನ್ನ ಕೈಲಾದಷ್ಟು ಮಾತ್ರ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಅಂಗಾಂಗ ಕೆಟ್ಟ ಮೇಲೆ ಬಂದರೆ ಉಪಯೋಗ ಕಮ್ಮಿ, ಅಪಾಯ ಜಾಸ್ತಿ.

ಈಗ ನೀವು ಓದಿದ ಅಂಕಿಗೆ ಬರೋಣ. ಅದು ಸುಳ್ಳಲ್ಲ. ಯುರೋಪಿನಲ್ಲಿ ನಡೆದ ಆಸ್ಟಿಸ್ ಎಂಬ ಅಧ್ಯಯನದ್ದು, 2014ರಲ್ಲಿ ಪ್ರಕಟವಾಯಿತು. ಸಿಸ್ಟಮಿಕ್ ಸ್ಕ್ಲೀರೋಸಿಸ್ ಇದ್ದ 156 ಜನರಲ್ಲಿ 79 ಜನರನ್ನು ಕಸಿಗೆ, 77 ಜನರನ್ನು ತಿಂಗಳಿಗೊಮ್ಮೆ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿಯ ಡ್ರಿಪ್ ಕೊಡುವ ಚಿಕಿತ್ಸೆಗೆ ಹಾಕಿದ್ದರು. ಕಸಿ ಗುಂಪಿನಲ್ಲಿ ಮೊದಲ ವರ್ಷವೇ 8 ಜನ ಚಿಕಿತ್ಸೆಯ ಕಾರಣದಿಂದಲೇ ತೀರಿಕೊಂಡರು. ಇನ್ನೊಂದು ಗುಂಪಿನಲ್ಲಿ ಚಿಕಿತ್ಸೆಯಿಂದ ಯಾರೂ ಸಾಯಲಿಲ್ಲ. ಇಲ್ಲಿಗೆ ಓದು ನಿಲ್ಲಿಸಿದರೆ ಅಮ್ಮ ಹೇಳಿದ್ದೇ ಸರಿ ಅನಿಸುತ್ತದೆ, ಅಲ್ವಾ? ಆದರೆ ಆ ಅಧ್ಯಯನ ಒಂದು ವರ್ಷಕ್ಕೆ ನಿಲ್ಲಲಿಲ್ಲ. ವರ್ಷಗಳು ಕಳೆದ ಹಾಗೆ ಕಾಯಿಲೆಯಿಂದಲೇ ಸತ್ತವರು, ಹೃದಯ, ಶ್ವಾಸಕೋಶ, ಕಿಡ್ನಿ ಪೂರ್ತಿ ಕೈಕೊಟ್ಟವರು ಎರಡನೇ ಗುಂಪಿನಲ್ಲಿ ಜಾಸ್ತಿಯಾಗುತ್ತಾ ಹೋದರು. ಸುಮಾರು ಆರು ವರ್ಷದ ಹೊತ್ತಿಗೆ ಸಾವು ಮತ್ತು ಅಂಗ ವೈಫಲ್ಯ ಸೇರಿಸಿದರೆ ಕಸಿ ಗುಂಪಿನಲ್ಲಿ 22, ಇನ್ನೊಂದರಲ್ಲಿ 31.

ನಾಲ್ಕು ವರ್ಷದ ನಂತರ, 2018ರಲ್ಲಿ, ಅಮೆರಿಕದ ಸ್ಕಾಟ್ ಅಧ್ಯಯನ ಬಂತು. ಅದರಲ್ಲಿ 75 ಜನ. ಕಸಿ ಮಾಡಿಸಿಕೊಂಡವರಲ್ಲಿ ಆರು ವರ್ಷದ ನಂತರ 100ಕ್ಕೆ 86 ಜನ ಬದುಕಿದ್ದರು. ಸೈಕ್ಲೋಫಾಸ್ಫಮೈಡ್ ಮಾತ್ರ ಪಡೆದವರಲ್ಲಿ 51. ಚಿಕಿತ್ಸೆಯಿಂದಾದ ಸಾವು ಆರು ವರ್ಷದ ಲೆಕ್ಕದಲ್ಲಿ 100ಕ್ಕೆ 6. ಮೊದಲಿಗಿಂತ ಕಮ್ಮಿ, ಆದರೂ ಸಣ್ಣ ಅಂಕಿಯಲ್ಲ.

ನಿಮ್ಮ ಅಮ್ಮನಿಗೆ ಇದನ್ನು ಹೀಗೆ ಹೇಳಿ. ಕಸಿ ಮಾಡಿಸಿದರೆ ಅಪಾಯದ ಬಹುಪಾಲು ಮೊದಲ ಕೆಲವು ತಿಂಗಳಲ್ಲಿ, ಕಣ್ಣೆದುರಿಗೇ ಇರುತ್ತದೆ. ಮಾಡಿಸದಿದ್ದರೆ ಅಪಾಯ ವರ್ಷಗಳ ಉದ್ದಕ್ಕೂ ನಿಧಾನವಾಗಿ ಬರುತ್ತದೆ, ಯಾರ ಕಣ್ಣಿಗೂ ಒಮ್ಮೆಲೇ ಬೀಳುವುದಿಲ್ಲ. ಮಗಳು ಓಡಾಡಿಕೊಂಡಿದ್ದಾಳೆ ಅನ್ನುವುದು ಕಸಿ ಬೇಡ ಅನ್ನುವುದಕ್ಕೆ ಕಾರಣವಲ್ಲ. ಓಡಾಡಿಕೊಂಡಿರುವಾಗಲೇ ಯೋಚನೆ ಮಾಡಬೇಕಾದ ಚಿಕಿತ್ಸೆ ಇದು. ಆಸ್ಟಿಸ್‌ಗೆ ಸೇರಿಸಿಕೊಂಡದ್ದು ಕಾಯಿಲೆ ಶುರುವಾಗಿ ನಾಲ್ಕು ವರ್ಷದೊಳಗಿನವರನ್ನು, ಸ್ಕಾಟ್‌ಗೆ ಐದು ವರ್ಷದೊಳಗಿನವರನ್ನು. ನಿಮ್ಮ ಅಕ್ಕ ಇನ್ನೂ ಆ ಅವಧಿಯೊಳಗಿದ್ದಾರೆ.

ಆದರೆ ಹೂಂ ಅನ್ನುವ ಮೊದಲು ಒಂದು ವಿಷಯದಲ್ಲಿ ಪಟ್ಟು ಬಿಡಬೇಡಿ. ಅದು ಹೃದಯದ ಪರೀಕ್ಷೆ. ಈ ಕಾಯಿಲೆ ಹೃದಯದ ಸ್ನಾಯುವಿಗೂ ಸದ್ದಿಲ್ಲದೆ ತಗುಲುತ್ತದೆ. ಎಕೋ ಪರೀಕ್ಷೆಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಬಂದರೂ ಒಳಗೆ ಕಲೆಗಟ್ಟಿರಬಹುದು. ಹೆಚ್ಚು ಪ್ರಮಾಣದ ಸೈಕ್ಲೋಫಾಸ್ಫಮೈಡ್ ಹೃದಯಕ್ಕೆ ಭಾರ. ಜೊತೆಗೆ ಲೀಟರ್‌ಗಟ್ಟಲೆ ಡ್ರಿಪ್ ಹೋಗುತ್ತದೆ. ಬಲಹೀನವಾದ ಹೃದಯ ಅದನ್ನು ತಡೆದುಕೊಳ್ಳುವುದಿಲ್ಲ. ಅದಕ್ಕೇ ಹೃದಯದ ಎಂಆರ್‌ಐ ಮಾಡಬೇಕು. ಹೃದಯದ ಬಲಭಾಗಕ್ಕೆ ಸಣ್ಣ ಟ್ಯೂಬ್ ಹಾಕಿ ಒಳಗಿನ ಒತ್ತಡ ಅಳೆಯಬೇಕು. ಡ್ರಿಪ್ ಕೊಟ್ಟಾಗ ಆ ಒತ್ತಡ ಎಷ್ಟು ಏರುತ್ತದೆ ಎಂದೂ ನೋಡಬೇಕು. ‘ಎಕೋ ಒಂದೇ ಸಾಕು’ ಎಂದು ಯಾರಾದರೂ ಹೇಳಿದರೆ ಇನ್ನೊಂದು ಕಡೆ ಕೇಳಿ. ಆಟೋಇಮ್ಯೂನ್ ಕಾಯಿಲೆಯವರಿಗೆ ಇಲ್ಲಿಯವರೆಗೆ ಎಷ್ಟು ಕಸಿ ಮಾಡಿದ್ದೀರಿ ಎಂದು ನೇರವಾಗಿ ಕೇಳಿ. ಅನುಭವ ಜಾಸ್ತಿ ಇರುವ ಕಡೆ ಸಾವು ಕಮ್ಮಿ. ಸಂಕೋಚ ಪಡುವ ಪ್ರಶ್ನೆ ಅದಲ್ಲ. ಅಕ್ಕ ಸಿಗರೇಟ್ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಆಸ್ಟಿಸ್‌ನಲ್ಲಿ ಸೇದುತ್ತಿದ್ದವರಿಗೆ ಕಸಿಯ ಲಾಭ ಸರಿಯಾಗಿ ಸಿಗಲಿಲ್ಲ.

ಎಲ್ಲ ಸರಿಹೋದರೆ ಏನಾಗುತ್ತದೆ? ನಾವು ಚರ್ಮವನ್ನು ಅಳೆಯುವುದು ಬೆರಳಿನಿಂದ. ಮೈಮೇಲಿನ 17 ಜಾಗಗಳಲ್ಲಿ ಚರ್ಮವನ್ನು ಚಿವುಟಿ ಎತ್ತಿ ನೋಡುತ್ತೇವೆ. ಮಾಮೂಲಾಗಿ ಮಡಿಕೆ ಬಂದರೆ ಸೊನ್ನೆ, ಚರ್ಮ ಏಳದೇ ಹೋದರೆ ಮೂರು. ಎಲ್ಲ ಕೂಡಿಸಿದರೆ ಗರಿಷ್ಠ 51. ಮುಂಗೈ ಚರ್ಮ ಬೆರಳಿಗೆ ಸಿಗದೇ ಜಾರುತ್ತಿದ್ದವರು ವರ್ಷದ ನಂತರ ಬಂದಾಗ, ಅದೇ ಜಾಗದಲ್ಲಿ ಸಣ್ಣ ಮಡಿಕೆ ಎದ್ದು ನಿಲ್ಲುವುದನ್ನು ನೋಡಿದ್ದೇನೆ. ಅವರೇ ಮತ್ತೆ ಮತ್ತೆ ಚಿವುಟಿ ನೋಡಿಕೊಳ್ಳುತ್ತಿರುತ್ತಾರೆ. ಶ್ವಾಸಕೋಶದಲ್ಲಿ ಅಷ್ಟು ಬದಲಾವಣೆ ನಿರೀಕ್ಷಿಸಬೇಡಿ. ಅಲ್ಲಿ ಇದ್ದದ್ದು ಉಳಿದರೆ, ಸ್ವಲ್ಪ ಸುಧಾರಿಸಿದರೆ ನಮಗೆ ಖುಷಿ.

ಕೊನೆಗೆ ತೀರ್ಮಾನ ನಿಮ್ಮದೂ ಅಲ್ಲ, ಅಮ್ಮನದೂ ಅಲ್ಲ. ಅಕ್ಕ ನಿಮ್ಮ ಮುಖ ನೋಡುತ್ತಿದ್ದಾರೆ ಎಂದಿದ್ದೀರಿ. ‘ನಿನಗೆ ಏನು ಅನಿಸುತ್ತದೆ?’ ಎಂದು ಅವರನ್ನೇ ಕೇಳಿ. ಅವರು ಮಾತು ಮುಗಿಸುವವರೆಗೂ ಯಾರೂ ಮಧ್ಯೆ ಬಾಯಿ ಹಾಕಬೇಡಿ.

ಪ್ರಶ್ನೆ: ನನಗೆ 31 ವರ್ಷ, ಶಾಲೆಯಲ್ಲಿ ಟೀಚರ್. ಎಂಎಸ್ ಇದೆ. ಔಷಧಿ ಬದಲಾಯಿಸಿದರೂ ವರ್ಷಕ್ಕೆ ಎರಡು ಮೂರು ಸಲ ಎಂಎಸ್ ಅಟ್ಯಾಕ್ (ಕಾಯಿಲೆ ಒಮ್ಮೆಲೇ ಜೋರಾಗುವುದು) ಬರುತ್ತಿದೆ. ಈಗ ಕಸಿಗೆ ದಿನ ಗೊತ್ತಾಗಿದೆ. ವಾರ್ಡಿನಲ್ಲಿ ನಿಜವಾಗಿ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳುತ್ತಿಲ್ಲ. ಕೂದಲು ಹೋಗುತ್ತದಾ? ಮುಂದೆ ಮಕ್ಕಳಾಗುತ್ತವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ, ಯಾಕೆಂದರೆ ಅದಕ್ಕೆ ತಡವಾದರೆ ದಾರಿ ಮುಚ್ಚುತ್ತದೆ. ಸೈಕ್ಲೋಫಾಸ್ಫಮೈಡ್ ಅಂಡಾಶಯಕ್ಕೆ ಹೊಡೆತ ಕೊಡುತ್ತದೆ. ವಯಸ್ಸು ಜಾಸ್ತಿಯಾದಷ್ಟೂ ಮುಟ್ಟು ಕಾಯಂ ನಿಂತುಹೋಗುವ ಸಾಧ್ಯತೆ ಜಾಸ್ತಿ. ಕಸಿಯ ನಂತರ ಮಗು ಹೆತ್ತವರು ಇದ್ದಾರೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಮಗು ಬೇಕು ಅನ್ನುವ ಆಸೆ ಇದ್ದರೆ ಸ್ಟೆಮ್ ಸೆಲ್ ತೆಗೆಯುವ ಹಂತಕ್ಕೂ ಮೊದಲೇ ಅಂಡಾಣುಗಳನ್ನು ಫ್ರೀಜ್ ಮಾಡಿಸಿ. ಆ ಹಂತದಲ್ಲೇ ಮೊದಲ ಕೀಮೋ ಬರುತ್ತದೆ, ಅದಕ್ಕೇ ಈ ಅವಸರ. ನಾಳೆಯೇ ಫೋನ್ ಮಾಡಿ ನಿಮ್ಮ ಡಾಕ್ಟರನ್ನು ಕೇಳಿ. ಗಂಡಸರಿಗೂ ಇದೇ ಮಾತು, ವೀರ್ಯ ಕೊಟ್ಟು ಇಡಿಸಬೇಕು. ಅವರಿಗೆ ಇದು ಇನ್ನೂ ಸುಲಭ.

ಇನ್ನು ಒಂದೊಂದೇ ಹಂತ. ಮೊದಲು ಒಂದು ಸಾಧಾರಣ ಪ್ರಮಾಣದ ಕೀಮೋ, ಅದಾದ ಮೇಲೆ ದಿನಾ ಹೊಟ್ಟೆಯ ಚರ್ಮಕ್ಕೆ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್. ಇದು ಮೂಳೆಯೊಳಗಿನ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಹೊರಡಿಸುತ್ತದೆ. ಆಗ ಸೊಂಟ, ಬೆನ್ನು, ಎದೆಮೂಳೆ ಒಳಗಿನಿಂದ ಮಿಡಿದ ಹಾಗೆ ನೋಯುತ್ತವೆ. ಹೆದರಬೇಡಿ, ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು. ಎಂಎಸ್ ಇರುವವರಿಗೆ ಈ ಇಂಜೆಕ್ಷನ್ ಒಂದನ್ನೇ ಕೊಟ್ಟರೆ ಅಟ್ಯಾಕ್ ಬರಬಹುದು. ಅದಕ್ಕೇ ಜೊತೆಗೆ ಕೀಮೋ ಅಥವಾ ಸ್ಟೀರಾಯ್ಡ್ ಇರುತ್ತದೆ. ಕೀಮೋ ಆಗಿ ಹತ್ತು ದಿನದ ಆಸುಪಾಸಿನಲ್ಲಿ ಯಂತ್ರಕ್ಕೆ ಜೋಡಿಸುತ್ತಾರೆ. ರಕ್ತ ಒಂದು ಟ್ಯೂಬಿನಲ್ಲಿ ಹೊರಗೆ ಹೋಗಿ, ಸ್ಟೆಮ್ ಸೆಲ್ ಬೇರ್ಪಟ್ಟು, ಉಳಿದದ್ದು ಇನ್ನೊಂದು ಟ್ಯೂಬಿನಲ್ಲಿ ವಾಪಸ್ ಬರುತ್ತದೆ. ಮೂರು ನಾಲ್ಕು ಗಂಟೆ ಅಲುಗಾಡದೆ ಮಲಗಿರಬೇಕು. ತುಟಿ, ಬೆರಳು ಜುಮ್ಮೆನ್ನಬಹುದು. ಕ್ಯಾಲ್ಸಿಯಂ ಇಳಿದಿರುತ್ತದೆ, ನರ್ಸಿಗೆ ಹೇಳಿದರೆ ತಕ್ಷಣ ಸರಿಮಾಡುತ್ತಾರೆ. ನಿಮ್ಮ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಸಿಗಬೇಕು. ಒಂದೇ ದಿನಕ್ಕೆ ಸಿಗದಿದ್ದರೆ ಮಾರನೆಯ ದಿನ ಮತ್ತೆ.

ಕೆಲವು ವಾರದ ಬಿಡುವಿನ ನಂತರ ಅಡ್ಮಿಷನ್. ನಾಲ್ಕೈದು ದಿನ ಕೀಮೋ. ಸೈಕ್ಲೋಫಾಸ್ಫಮೈಡ್ ಇದ್ದರೆ ಮೂತ್ರಕೋಶ ಕಾಪಾಡುವುದಕ್ಕೆ ಮೆಸ್ನಾ ಎಂಬ ಔಷಧಿ ಮತ್ತು ಧಾರಾಳ ಡ್ರಿಪ್ ಕೊಡುತ್ತಾರೆ. ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ. ಎಟಿಜಿಯನ್ನು ಮೊಲದ ರಕ್ತದಿಂದ ತಯಾರಿಸುತ್ತಾರೆ, ಕೆಲವು ಕಡೆ ಕುದುರೆಯದ್ದು. ಅದು ಹೋಗುವಾಗ ಚಳಿ ಜ್ವರ, ಮೈ ನಡುಕ ಬರುವುದು ಉಂಟು. ಜ್ವರ ಬಂದಾಗ ಹಳೆಯ ಎಂಎಸ್ ಲಕ್ಷಣಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಕಾಲು ಭಾರವಾಗುತ್ತದೆ, ಕಣ್ಣು ಮಂಜಾಗುತ್ತದೆ. ತುಂಬಾ ಜನ ಈ ರಾತ್ರಿಯೇ ಧೈರ್ಯ ಕಳೆದುಕೊಳ್ಳುತ್ತಾರೆ. ಅದು ಜ್ವರದ ಪರಿಣಾಮ. ಜ್ವರ ಇಳಿದರೆ ಅದೂ ಇಳಿಯುತ್ತದೆ.

ಕಸಿಯ ದಿನವನ್ನು ನಾವು ‘ಡೇ ಸೊನ್ನೆ’ ಅನ್ನುತ್ತೇವೆ. ಅವತ್ತು ಆಪರೇಷನ್ ಏನೂ ಇಲ್ಲ. ದ್ರವ ಸಾರಜನಕದಲ್ಲಿ ಇಟ್ಟಿದ್ದ ಚೀಲಗಳನ್ನು ತಂದು 37 ಡಿಗ್ರಿ ನೀರಿನಲ್ಲಿ ಕರಗಿಸುತ್ತಾರೆ. ಚೀಲ ಗಾತ್ರದಲ್ಲಿ ಅಂಗೈಯಷ್ಟು, ಬಣ್ಣ ನಸುಗೆಂಪು. ಇಬ್ಬರು ನರ್ಸುಗಳು ನಿಮ್ಮ ಹೆಸರು, ನಂಬರನ್ನು ಜೋರಾಗಿ ಓದಿ ತಾಳೆ ನೋಡುತ್ತಾರೆ. ಆಮೇಲೆ ರಕ್ತ ಕೊಡುವ ಹಾಗೆಯೇ ಕೊಡುತ್ತಾರೆ. ಸೆಲ್‌ಗಳನ್ನು ಕಾಪಾಡುವುದಕ್ಕೆ ಹಾಕಿದ ಡಿಎಂಎಸ್‌ಒ ಎಂಬ ದ್ರಾವಣ ಉಸಿರಿನಲ್ಲಿ ಹೊರಬರುತ್ತದೆ. ಕೋಣೆಯೆಲ್ಲ ಬೆಳ್ಳುಳ್ಳಿ ವಾಸನೆ. ನಿಮಗೆ ಗೊತ್ತಾಗುವುದಿಲ್ಲ, ಬಾಗಿಲು ತೆರೆದು ಬಂದವರಿಗೆಲ್ಲ ಗೊತ್ತಾಗುತ್ತದೆ. ‘ಇಷ್ಟೇನಾ?’ ಎಂದು ಕೇಳದವರು ಕಮ್ಮಿ.

ಕಷ್ಟದ ದಿನಗಳು ಆಮೇಲೆ ಬರುತ್ತವೆ. ಬಿಳಿ ರಕ್ತಕಣ ಸೊನ್ನೆಗೆ ಇಳಿಯುತ್ತದೆ. ಸುಸ್ತು, ಬೇಧಿ, ಬಾಯಿಹುಣ್ಣು, ಜ್ವರ ಎಲ್ಲ ಆಗ. ರಕ್ತ, ಪ್ಲೇಟ್‌ಲೆಟ್ ಕೊಡಬೇಕಾಗುತ್ತದೆ. ಕೂದಲು ಖಂಡಿತ ಹೋಗುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಮೊದಲೇ ಚಿಕ್ಕದಾಗಿ ಕತ್ತರಿಸಿಕೊಂಡರೆ ದಿಂಬಿನ ಮೇಲೆ ಹಿಡಿ ಹಿಡಿ ಉದುರುವುದನ್ನು ನೋಡುವ ಸಂಕಟ ಸ್ವಲ್ಪ ಕಮ್ಮಿ. ದಿನಾ ಬೆಳಿಗ್ಗೆ ರಕ್ತದ ರಿಪೋರ್ಟ್ ಬರುತ್ತದೆ. ಎಲ್ಲರ ಕಣ್ಣೂ ನ್ಯೂಟ್ರೋಫಿಲ್ ಎಂಬ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣದ ಸಾಲಿನ ಮೇಲೆ. ಹತ್ತು, ಹನ್ನೆರಡನೇ ದಿನದ ಸುಮಾರಿಗೆ ಅದು ಏರಲು ಶುರು. 500 ದಾಟಿ ಮೂರು ದಿನ ಅಲ್ಲೇ ನಿಂತರೆ ಮಜ್ಜೆ ಹಿಡಿದುಕೊಂಡಿತು ಎಂದು ಲೆಕ್ಕ. ಒಟ್ಟು ಮೂರರಿಂದ ನಾಲ್ಕು ವಾರ ಆಸ್ಪತ್ರೆ.

ನಿಮ್ಮಂಥವರಿಗೆ ಇದರಿಂದ ಎಷ್ಟು ಲಾಭ ಅನ್ನುವುದಕ್ಕೆ 2019ರಲ್ಲಿ ಪ್ರಕಟವಾದ ಮಿಸ್ಟ್ ಎಂಬ ಅಧ್ಯಯನವಿದೆ. ಔಷಧಿ ತೆಗೆದುಕೊಳ್ಳುತ್ತಿದ್ದರೂ ವರ್ಷಕ್ಕೆ ಎರಡಾದರೂ ಅಟ್ಯಾಕ್ ಬರುತ್ತಿದ್ದ 110 ಜನ ಅದರಲ್ಲಿದ್ದರು. ಕಸಿ ಮಾಡಿಸಿಕೊಂಡವರಲ್ಲಿ ಅಂಗವಿಕಲತೆ ಹೆಚ್ಚಾದದ್ದು 3 ಜನರಿಗೆ. ಔಷಧಿಯಲ್ಲೇ ಮುಂದುವರಿದವರಲ್ಲಿ 34 ಜನರಿಗೆ. ಯಾರೂ ಸಾಯಲಿಲ್ಲ. ಒಂದು ಮಾತು ಸೇರಿಸಬೇಕು. ಹೋಲಿಕೆಯ ಗುಂಪಿನವರಿಗೆ ಇವತ್ತು ಸಿಗುವ ಅತಿ ಬಲವಾದ ಎಂಎಸ್ ಔಷಧಿಗಳೆಲ್ಲ ಸಿಕ್ಕಿರಲಿಲ್ಲ. ಹಾಗಾಗಿ ವ್ಯತ್ಯಾಸ ನಿಜವಾಗಿ ಇಷ್ಟೇ ದೊಡ್ಡದಿರಲಾರದು. ಆದರೂ ನಿಮ್ಮ ವಯಸ್ಸಿನವರಿಗೆ, ಕಾಯಿಲೆ ಇಷ್ಟು ಚುರುಕಾಗಿರುವಾಗ, ಈ ದಾರಿ ಹಿಡಿದದ್ದನ್ನು ನಾನು ಒಪ್ಪುತ್ತೇನೆ. ಈಗ ತೆಗೆದುಕೊಳ್ಳುತ್ತಿರುವ ಎಂಎಸ್ ಔಷಧಿಯನ್ನು ಯಾವಾಗ ನಿಲ್ಲಿಸಬೇಕು ಎಂದು ಮಾತ್ರ ಬರೆಸಿಕೊಳ್ಳಿ. ಕೆಲವು ಔಷಧಿಗಳು ದೇಹದಿಂದ ಪೂರ್ತಿ ಹೋಗುವುದಕ್ಕೆ ವಾರಗಳೇ ಬೇಕು.

ಪ್ರಶ್ನೆ: ನನಗೆ 58. ಎಂಎಸ್ ಬಂದು 22 ವರ್ಷವಾಯಿತು. ಎಂಟು ವರ್ಷದಿಂದ ವೀಲ್‌ಚೇರ್. ಅಟ್ಯಾಕ್ ಬರುವುದು ಯಾವಾಗಲೋ ನಿಂತಿದೆ, ಆದರೆ ಕೈಬಲ ನಿಧಾನವಾಗಿ ಇಳಿಯುತ್ತಿದೆ. ಕಸಿ ಮಾಡಿಸಿದರೆ ಎದ್ದು ನಿಲ್ಲಬಹುದೇ?

ಉತ್ತರ: ಇಲ್ಲ, ಸರ್. ಇದನ್ನು ಬರೆಯುವುದು ನನಗೆ ಕಷ್ಟ, ಆದರೆ ನಿಮಗೆ ಸುತ್ತಿ ಬಳಸಿ ಹೇಳುವುದು ತಪ್ಪಾಗುತ್ತದೆ. ಮೊದಲ ವರ್ಷಗಳಲ್ಲಿ ನಿಮಗೆ ತೊಂದರೆ ಕೊಟ್ಟದ್ದು ರಕ್ತದಿಂದ ಮೆದುಳಿಗೆ ನುಗ್ಗಿ ಉರಿಯೂತ ಎಬ್ಬಿಸುತ್ತಿದ್ದ ಕಣಗಳು. ಕೀಮೋ ಅಳಿಸಿಹಾಕುವುದು ಅವುಗಳನ್ನು. ಈಗ ಕೈಬಲ ಇಳಿಯುತ್ತಿರುವುದು ಹೆಚ್ಚಾಗಿ ಹೊದಿಕೆ ಕಳೆದುಕೊಂಡ ನರತಂತುಗಳು ಒಂದೊಂದಾಗಿ ಸವೆಯುತ್ತಿರುವುದರಿಂದ. ಅದರ ಮೇಲೆ ಕೀಮೋಗೆ ಹಿಡಿತವಿಲ್ಲ. ಕೊಟ್ಟ ಸ್ಟೆಮ್ ಸೆಲ್ ರಕ್ತ ಮಾಡುತ್ತದೆಯೇ ಹೊರತು ನರ ಕಟ್ಟುವುದಿಲ್ಲ. ನಿಮ್ಮ ವಯಸ್ಸಿಗೆ, ಈ ಸ್ಥಿತಿಗೆ, ಸೋಂಕಿನ ಅಪಾಯ ಮಾತ್ರ ದೊಡ್ಡದು. ಕೀಮೋದ ಹೊಡೆತಕ್ಕೆ ಈಗಿರುವ ಬಲವೂ ಕಮ್ಮಿಯಾಗಬಹುದು.

ಕೈಬಲದ ಬಗ್ಗೆ ಮಾಡಬಹುದಾದದ್ದು ಇದೆ. ಬಿಗಿತ ಇಳಿಸುವ ಔಷಧಿ ಸರಿಯಾದ ಪ್ರಮಾಣದಲ್ಲಿ ಇದೆಯೇ ನೋಡಿಸಿ. ಮೂತ್ರದ ಸೋಂಕು ಅಡಗಿ ಕೂತಿದ್ದರೂ ಬಲ ಇಳಿಯುತ್ತದೆ, ಅದನ್ನು ಪರೀಕ್ಷೆ ಮಾಡಿಸಿ. ಕೈಗೆಂದೇ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಹೋಗಿ. ವೀಲ್‌ಚೇರ್ ಬಂದ ಮೇಲೆ ತುಂಬಾ ಜನ ಫಿಸಿಯೋಥೆರಪಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಮಗಳಿಗೆ 19, ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆ ಇದೆ. ಒಂದು ಕ್ಲಿನಿಕ್‌ನವರು ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಇಂಜೆಕ್ಷನ್ ಮೂರು ಡೋಸ್ ಕೊಡುತ್ತೇವೆ, ಕೀಮೋ ಬೇಡ, ಆಸ್ಪತ್ರೆ ಬೇಡ, ಅಡ್ಡ ಪರಿಣಾಮ ಇಲ್ಲ ಅನ್ನುತ್ತಾರೆ. ಹಣ ಪೂರ್ತಿ ಮುಂಗಡ. ಕೊಡಿಸಲಾ?

ಉತ್ತರ: ಕೊಡಿಸಬೇಡಿ. ಹಣವನ್ನೂ ಕಟ್ಟಬೇಡಿ.

ಅವರು ಹೇಳುತ್ತಿರುವುದು ಮೆಸೆಂಕೈಮಲ್ ಎಂಬ ಬೇರೆ ಜಾತಿಯ ಕೋಶ. ಮೇಲೆ ಬರೆದ ಕಸಿಗೂ ಅದಕ್ಕೂ ಸಂಬಂಧವಿಲ್ಲ. ಆ ಕಸಿಯಲ್ಲಿ ಕಾಯಿಲೆ ನಿಲ್ಲಿಸುವುದೇ ಕೀಮೋ. ಕೀಮೋ ಬೇಡ ಅಂದಮೇಲೆ ಕಸಿಯ ಫಲಿತಾಂಶವನ್ನು ತೋರಿಸಿ ಇದನ್ನು ಮಾರುವ ಹಾಗಿಲ್ಲ. ಮೆಸೆಂಕೈಮಲ್ ಕೋಶಗಳ ಮೇಲೆ ಸಂಶೋಧನೆ ಪ್ರಾಮಾಣಿಕವಾಗಿಯೇ ನಡೆದಿದೆ. ಎಂಎಸ್‌ಗೆ ಇದು ಕೆಲಸ ಮಾಡುತ್ತದಾ ಎಂದು ಹಲವು ದೇಶಗಳವರು ಸೇರಿ 144 ಜನರ ಮೇಲೆ ಮೆಸೆಮ್ಸ್ ಎಂಬ ಅಧ್ಯಯನ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಮೆದುಳಿನ ಸ್ಕ್ಯಾನಿನಲ್ಲಿ ಹೊಸ ಉರಿಯೂತ ಕಮ್ಮಿಯಾಗಲಿಲ್ಲ. ಲೂಪಸ್‌ನಲ್ಲೂ ಅಧ್ಯಯನಗಳು ನಡೆದಿವೆ. ಅದು ಇನ್ನೂ ಪರೀಕ್ಷೆಯ ಹಂತದ್ದು, ಅಂಗಡಿಯಲ್ಲಿ ಮಾರುವ ಹಂತದ್ದಲ್ಲ. ನಿಜವಾದ ಅಧ್ಯಯನಕ್ಕೆ ಸೇರುವವರಿಂದ ಇಂಜೆಕ್ಷನ್ನಿಗೆ ದುಡ್ಡು ಕೇಳುವುದಿಲ್ಲ. ಅಡ್ಡ ಪರಿಣಾಮವೇ ಇಲ್ಲ ಎಂದು ಬರೆದುಕೊಡುವುದೂ ಇಲ್ಲ.

ನನಗೆ ಇದರಲ್ಲಿ ಹಣಕ್ಕಿಂತ ಜಾಸ್ತಿ ಭಯ ಇರುವುದು ಇನ್ನೊಂದಕ್ಕೆ. ಇಂಥ ಕಡೆ ಹೋದವರು ‘ಇದು ಗುಣಮಾಡುತ್ತದೆ’ ಎಂದು ನಂಬಿ ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ಟೀರಾಯ್ಡ್ ಮಾತ್ರೆಗಳನ್ನು ನಿಲ್ಲಿಸಿಬಿಡುತ್ತಾರೆ. ಲೂಪಸ್‌ನಲ್ಲಿ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಮಗಳ ಮೂತ್ರದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಕೊನೆಯ ಸಲ ಯಾವಾಗ ನೋಡಿಸಿದಿರಿ? ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ಈ ವಾರವೇ ಮಾಡಿಸಿ.

ಪ್ರಶ್ನೆ: ವಾಪಸ್ ಕೊಡುವುದು ನಮ್ಮದೇ ಸ್ಟೆಮ್ ಸೆಲ್ ಅಂದಮೇಲೆ ಅದರಲ್ಲೂ ಅದೇ ವಂಶವಾಹಿ ಇರುತ್ತದೆ. ಕಾಯಿಲೆ ಮತ್ತೆ ಬರಲೇಬೇಕಲ್ಲವೇ? ಒಡಹುಟ್ಟಿದವರದ್ದು ಯಾಕೆ ಹಾಕುವುದಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಶುರುವಿನಲ್ಲಿ ವೈದ್ಯರಿಗೂ ಇದೇ ಸಂಶಯ ಇತ್ತು. ಆದರೆ ವಂಶವಾಹಿಯೊಂದೇ ಕಾಯಿಲೆ ತರುವುದಿಲ್ಲ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಎಂಎಸ್ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕು ಜೋಡಿಯಲ್ಲಿ ಒಂದಕ್ಕೆ ಮಾತ್ರ. ಸೋಂಕು, ಪರಿಸರ, ದೇಹದೊಳಗಿನ ಆಕಸ್ಮಿಕ ಎಡವಟ್ಟು ಎಲ್ಲ ಒಂದೇ ಹೊತ್ತಿಗೆ ಕೂಡಿಬರಬೇಕು. ಅವೆಲ್ಲ ಮತ್ತೆ ಅದೇ ಥರ ಕೂಡಿಬರಬೇಕೆಂದೇನೂ ಇಲ್ಲ.

ಧೈರ್ಯ ಬಂದದ್ದು ಎರಡು ಕಡೆಯಿಂದ. ನೆದರ್ಲೆಂಡ್ಸಿನಲ್ಲಿ ವಾನ್ ಬೆಕ್ಕುಮ್ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಕೀಲುಬೇನೆಯನ್ನೂ ಎಂಎಸ್‌ನಂಥ ಕಾಯಿಲೆಯನ್ನೂ ಉಂಟುಮಾಡಿ ಮಜ್ಜೆ ಕಸಿಯಿಂದ ಶಮನ ಮಾಡಿ ತೋರಿಸಿದರು. ಆ ಕಡೆ ರಕ್ತದ ಕಾಯಿಲೆಗೆ ಕಸಿ ಮಾಡಿಸಿಕೊಂಡವರಲ್ಲಿ ಮೊದಲಿನಿಂದ ಇದ್ದ ಆಟೋಇಮ್ಯೂನ್ ಕಾಯಿಲೆಯೂ ತಣ್ಣಗಾದದ್ದು ಕಂಡಿತು. 1990ರ ದಶಕದ ನಡುವಿನಲ್ಲಿ ರೋಗಿಗಳಿಗೆ ಸ್ವಂತ ಸ್ಟೆಮ್ ಸೆಲ್ ಕೊಟ್ಟು ನೋಡಲು ಶುರುಮಾಡಿದರು. ಗ್ರೀಸಿನ ಥೆಸಲೋನಿಕಿಯ ವೈದ್ಯರು 15 ಎಂಎಸ್ ರೋಗಿಗಳ ವರದಿಯನ್ನು 1997ರಲ್ಲೇ ಪ್ರಕಟಿಸಿದರು. ಆಮೇಲೆ ರಕ್ತ ಪರೀಕ್ಷೆ ಮಾಡಿ ನೋಡಿದಾಗ ಗೊತ್ತಾದದ್ದು, ಕಸಿಯ ನಂತರ ಎದೆಯೊಳಗಿನ ಥೈಮಸ್ ಗ್ರಂಥಿ ಮತ್ತೆ ಚುರುಕಾಗಿ ಟಿ-ಕಣ ಎಂಬ ಹೊಚ್ಚ ಹೊಸ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಅವುಗಳಿಗೆ ಹಳೆಯ ಜಗಳದ ನೆನಪು ಇರುವುದಿಲ್ಲ.

ಹಾಗೆಂದು ಕಾಯಿಲೆ ಎಲ್ಲರಲ್ಲೂ ಕಾಯಂ ಹೋಗುತ್ತದೆ ಎಂದಲ್ಲ. ಕೆಲವರಲ್ಲಿ ಮರಳುತ್ತದೆ. ಕೆಲವರಿಗೆ ಥೈರಾಯ್ಡಿನದ್ದೋ ಪ್ಲೇಟ್‌ಲೆಟ್‌ನದ್ದೋ ಬೇರೆ ಆಟೋಇಮ್ಯೂನ್ ತೊಂದರೆ ಶುರುವಾಗುತ್ತದೆ. ಒಡಹುಟ್ಟಿದವರ ಸೆಲ್ ಹಾಕಿದರೆ ಆ ಸೆಲ್‌ಗಳೇ ನಿಮ್ಮ ಚರ್ಮ, ಕರುಳು, ಲಿವರ್ ಮೇಲೆ ಬೀಳುವ ಅಪಾಯವಿದೆ. ಒಂದು ದಾಳಿ ನಿಲ್ಲಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ. ಅದಕ್ಕೇ ಈ ಕಾಯಿಲೆಗಳಿಗೆ ಮೊದಲ ಆಯ್ಕೆ ಸ್ವಂತದ್ದು.

ಪ್ರಶ್ನೆ: ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಗೂ ಇದು ಆಗುತ್ತದೆಯೇ? ಎಲ್ಲ ಔಷಧಿಯೂ ಮುಗಿದಿದೆ.

ಉತ್ತರ: ನಿರಾಸೆಯ ಉತ್ತರ ಕೊಡಬೇಕಾಗಿದೆ. 2015ರಲ್ಲಿ ಬಂದ ಆಸ್ಟಿಕ್ ಅಧ್ಯಯನದಲ್ಲಿ 45 ಜನ ಇದ್ದರು. ಔಷಧಿಯಿಲ್ಲದೆ ಮೂರು ತಿಂಗಳು ಪೂರ್ತಿ ಚೆನ್ನಾಗಿರುವುದು, ಕರುಳಿನಲ್ಲಿ ಕಾಯಿಲೆಯ ಗುರುತೇ ಇಲ್ಲದಿರುವುದು ಗುರಿ. ಕಸಿ ಆದ 23 ಜನರಲ್ಲಿ ಅದು ಸಿಕ್ಕಿದ್ದು 2 ಜನರಿಗೆ, ಕಸಿಯಿಲ್ಲದ 22ರಲ್ಲಿ ಒಬ್ಬರಿಗೆ. ಒಬ್ಬರು ತೀರಿಕೊಂಡರು. ಕೀಮೋ ಪ್ರಮಾಣ ಇಳಿಸಿ ಮತ್ತೆ ನಡೆಸಿದ ಅಧ್ಯಯನವನ್ನೂ ಗಂಭೀರ ಅಡ್ಡ ಪರಿಣಾಮಗಳಿಂದಾಗಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಕೆಲವರಿಗೆ ಕರುಳು ಗಮನಿಸುವಷ್ಟು ಸುಧಾರಿಸಿದ್ದು ನಿಜ. ಆದರೂ ಇದನ್ನು ನಾನು ಯಾರಿಗೂ ಸುಲಭವಾಗಿ ಹೇಳಲಾರೆ. ಹೊಸ ಔಷಧಿಗಳ ಅಧ್ಯಯನ ಎಲ್ಲಿ ನಡೆಯುತ್ತಿದೆ ಎಂದು ನಿಮ್ಮ ಹೊಟ್ಟೆಯ ಡಾಕ್ಟರನ್ನು ಕೇಳಿ.

ಪ್ರಶ್ನೆ: ಕಾರ್-ಟಿ ಅನ್ನುವುದು ಬಂದಿದೆಯಂತೆ, ಕಸಿ ಬಿಟ್ಟು ಅದಕ್ಕೆ ಕಾಯೋಣವೇ?

ಉತ್ತರ: ಜರ್ಮನಿಯ ಎರ್‌ಲಾಂಗನ್‌ನ ವೈದ್ಯರು 2021ರಲ್ಲಿ ಲೂಪಸ್ ಇದ್ದ 20 ವರ್ಷದ ಹುಡುಗಿಗೆ ಇದನ್ನು ಕೊಟ್ಟರು. ರೋಗಿಯ ಟಿ-ಕಣಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಬದಲಾಯಿಸಿ, ಬಿ-ಕಣ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ಹುಡುಕಿ ಕೊಲ್ಲುವಂತೆ ಮಾಡಿ ವಾಪಸ್ ಕೊಡುವ ವಿಧಾನ. 2024ರಲ್ಲಿ ಅವರು 15 ಜನರ ಫಲಿತಾಂಶ ಪ್ರಕಟಿಸಿದರು. 8 ಲೂಪಸ್, 4 ಸಿಸ್ಟಮಿಕ್ ಸ್ಕ್ಲೀರೋಸಿಸ್, 3 ಸ್ನಾಯು ಉರಿಯೂತ. ಎಲ್ಲರೂ ಸುಧಾರಿಸಿದರು, ಇಮ್ಯುನಿಟಿ ತಗ್ಗಿಸುವ ಔಷಧಿಗಳನ್ನು ನಿಲ್ಲಿಸಲು ಆಯಿತು. ಓದಿದಾಗ ನನಗೆ ತುಂಬಾ ಸಂತೋಷವಾಯಿತು. ಇದರಲ್ಲಿ ಕೀಮೋ ಕಮ್ಮಿ ಸಾಕು. ಆದರೆ 15 ಜನ ಅಂದರೆ 15 ಜನ ಅಷ್ಟೇ, ಹತ್ತು ವರ್ಷದ ಮೇಲೆ ಹೇಗಿರುತ್ತಾರೆ ಎಂದು ನೋಡಬೇಕು. ನಿಮ್ಮ ಕಾಯಿಲೆ ನಿಧಾನವಾಗಿದ್ದರೆ ಕಾಯಬಹುದು. ತಿಂಗಳಿಂದ ತಿಂಗಳಿಗೆ ಶ್ವಾಸಕೋಶದ ಬಲ ಇಳಿಯುತ್ತಿದ್ದರೆ, ಇವತ್ತು ಕೈಗೆ ಸಿಗುವ ಚಿಕಿತ್ಸೆಯನ್ನು ಬಿಟ್ಟು ಕೂರಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಸಿ ಆಗಿ ಎರಡು ತಿಂಗಳು. ಮನೆಗೆ ಬಂದಿದ್ದಾರೆ, ಯಾವಾಗಲೂ ಸುಸ್ತು. ನೋಡಲು ಬರುವವರಿಗೆ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನೇನು ಎಚ್ಚರ ಬೇಕು?

ಉತ್ತರ: ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ತಾಯಿ. ಈ ಅಂಕಣವನ್ನೇ ತೋರಿಸಿ, ಡಾಕ್ಟರೇ ಬೇಡ ಅಂದಿದ್ದಾರೆ ಎನ್ನಿ. ಬಿಳಿ ರಕ್ತಕಣದ ಸಂಖ್ಯೆ ಸರಿಯಾಗಿದ್ದರೂ ಸೋಂಕನ್ನು ಗುರುತಿಸುವ ಕಣಗಳು ಪೂರ್ತಿ ಬೆಳೆಯುವುದಕ್ಕೆ ತಿಂಗಳುಗಳೇ ಬೇಕು. ಕೆಮ್ಮು, ನೆಗಡಿ, ಜ್ವರ ಇರುವವರು, ಮೈಮೇಲೆ ಗುಳ್ಳೆ ಎದ್ದಿರುವ ಮಕ್ಕಳು ಹತ್ತಿರ ಬರಬಾರದು. ಉಳಿದವರು ಕೈ ತೊಳೆದು, ಸ್ವಲ್ಪ ಹೊತ್ತು ಕೂತು ಹೋಗಬಹುದು. ಸುಸ್ತು ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಇರುತ್ತದೆ. ‘ಇನ್ನೂ ಯಾಕೆ ಎದ್ದು ಓಡಾಡಲ್ಲ’ ಎಂದು ಯಾರೂ ಕೇಳದಿರಲಿ. ದಿನಾ ಸ್ವಲ್ಪ ನಡೆಸಿ, ಅಷ್ಟು ಸಾಕು.

ಏಸೈಕ್ಲೋವಿರ್, ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟಿದ್ದರೆ ಚೆನ್ನಾಗಿದ್ದಾರೆ ಎಂದು ನಿಲ್ಲಿಸಬೇಡಿ. ಎಟಿಜಿ ಕೊಟ್ಟವರಲ್ಲಿ ಒಳಗೆ ಮಲಗಿದ್ದ ಸಿಎಂವಿ, ಇಬಿವಿ ವೈರಸ್‌ಗಳು ಎದ್ದೇಳುತ್ತವೆ, ಆ ರಕ್ತ ಪರೀಕ್ಷೆಗಳನ್ನು ಒಂದೂ ತಪ್ಪಿಸಬೇಡಿ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆ ಈಗ ಬಹುಪಾಲು ಹೋಗಿರುತ್ತದೆ. ಮತ್ತೆ ಮೊದಲಿನಿಂದ ಹಾಕಿಸಬೇಕು, ಯಾವಾಗ ಶುರು ಎಂದು ಕಸಿ ತಂಡ ಹೇಳುತ್ತದೆ. ದಡಾರದಂಥ ಜೀವಂತ ಲಸಿಕೆಗಳು ಎರಡು ವರ್ಷ ಕಳೆಯುವವರೆಗೂ ಬೇಡ. ಮುಂದೆ ಎಲ್ಲಾದರೂ ಅವರಿಗೆ ರಕ್ತ ಹಾಕಬೇಕಾಗಿ ಬಂದರೆ, ಕಸಿ ಆಗಿದೆ, ವಿಕಿರಣ ಹಾಯಿಸಿದ ರಕ್ತ ಬೇಕೇ ಎಂದು ಕಸಿ ತಂಡವನ್ನು ಕೇಳಿ ಎಂದು ಅಲ್ಲಿಯ ಡಾಕ್ಟರಿಗೆ ಹೇಳಿ.

ಜ್ವರ 38 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ವಾರ್ಡಿಗೆ ಫೋನ್ ಮಾಡಿ, ಹೊರಟುಬಿಡಿ. ಆ ನಂಬರನ್ನು ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ.